ಬೀದಿ ತುಳಿಯುವ ಹೊತ್ತು

ರಾತ್ರಿ ಕಳೆದರೆ ನಮ್ಮೂರು ನಿಂತಿರುವ ಮರಳು ಸಡಿಲವಾಗುತ್ತದೆ. ಅದಕ್ಕೇ ಹಲ್ಲುಜ್ಜುವ ಮೊದಲು ಬೀದಿಯವರೆಲ್ಲ ತುಳಿಯಲು ಇಳಿಯುತ್ತೇವೆ. ಚೆನ್ನಾಗಿ ತುಳಿದರೆ ಹರಳಿಗೆ ಹರಳು ಕಚ್ಚಿಕೊಂಡು ಮನೆಗಳನ್ನು ಹೊರುತ್ತದೆ, ಬಿಟ್ಟರೆ ಉರುಳಾಡಿ ಮನೆಯನ್ನೇ ನುಂಗುತ್ತದೆ. ರೋಲರ್ ಕಳಿಸುತ್ತೇನೆಂದ ಪಂಚಾಯ್ತಿ ಮೆಂಬರು ಓಟು ಮುಗಿದ ಮೇಲೆ ಈ ಕಡೆ ತಲೆ ಹಾಕಿಲ್ಲ.

ಅವತ್ತು ಪಕ್ಕದ ಮನೆಯ ಚಿಕ್ಕತಾಯಮ್ಮ ಇಳಿಯಲಿಲ್ಲ. ನಮ್ಮ ಕೋಳಿ ಅವಳ ಹಪ್ಪಳ ತಿಂದಿತ್ತು. ಅವಳ ಒಂದು ಕಾಲು ನಮ್ಮ ಮನೆಮಂದಿಯ ಕಾಲುಗಳಿಗೆಲ್ಲ ಸಮ. ನಾವು ಎಷ್ಟು ತುಳಿದರೂ ಎರಡು ಮನೆಗೂ ಸೇರಿದ ನಡುಗೋಡೆ ವಾಲುತ್ತಲೇ ಇತ್ತು.

"ಅತ್ತೆ, ಗೋಡೆ ಬೀಳ್ತದೆ, ಬನ್ನಿ," ಎಂದೆ.

"ಬೀಳ್ಲಿ. ನಿಮ್ ಕೋಳಿ ಕೈಲೇ ತುಳಿಸ್ಕೊಳ್ಳಿ."

ಅವ್ವನಿಗೆ ಕೇಳಿಸಿತು. "ಉಪ್ಪಿಲ್ಲದ ಆ ಹಪ್ಪಳ ತಿಂದು ನಮ್ ಕೋಳಿ ಮೊಟ್ಟೆ ಇಡೋದೇ ಬಿಟ್ಟದೆ ಕಣೇ."

ಚಿಕ್ಕತಾಯಮ್ಮ ಸೆರಗು ಸಿಕ್ಕಿಸಿಕೊಂಡು ಬೀದಿಗೆ ಬಂದಳು. "ಯಾರ್ ಹಪ್ಪಳಕ್ಕೇ ಉಪ್ಪಿಲ್ಲ?" ಎಂದು ಕಾಲು ಅಪ್ಪಳಿಸಿದಳು. ಅವ್ವನೂ ಅಪ್ಪಳಿಸಿದಳು. ಹಪ್ಪಳದಿಂದ ಶುರುವಾದ ಮಾತು ಇಬ್ಬರ ತೌರಿನವರೆಗೂ ಹೋಯಿತು. ಒಂದೊಂದು ಬೈಗುಳಕ್ಕೂ ಮರಳು ದಬ್ಬೆಂದು ಕೂತಿತು. ಗೋಡೆ ವಾಲುವುದು ನಿಂತಿತು.

ನಾನು ಬಿಡಿಸಲು ಹೋದೆ. ಚಿಕ್ಕತಾಯಮ್ಮನ ಗಂಡ ನಂಜಪ್ಪ ನನ್ನ ತೋಳು ಹಿಡಿದು ಹಿಂದಕ್ಕೆಳೆದ. ಬರಿಗಾಲಲ್ಲಿ ನೆಲ ಒತ್ತಿ ನೋಡಿದ. ಆಮೇಲೆ ಇಬ್ಬರಿಗೂ ಕೈಮುಗಿದ.

"ತಾಯಂದಿರಾ, ಇಲ್ಲಿ ಸಾಕು. ಹಿತ್ಲು ಕಡೆ ಇನ್ನೂ ಸಡಿಲ ಅದೆ. ಮಿಕ್ಕಿದ್ದು ಅಲ್ಲಿ ಬಯ್ಕೊಳ್ಳಿ."