ಅಜ್ಜಿಯ ಎಂಟು ಜಿಬಿ

ಹಳೆಯ ರ‍್ಯಾಮ್ ಕೊಂಡರೆ ಅದನ್ನು ಬಳಸಿದವರ ಒಂದು ಅಭ್ಯಾಸವೂ ಜೊತೆಗೆ ಬರುತ್ತದೆ, ಅದಕ್ಕೇ ಅಗ್ಗ. ನಿವೇದಿತಾ ಟೀಚರ್‌ಗೆ ಅದು ಗೊತ್ತಿತ್ತು. ಸಂಜೆಯೊಳಗೆ ಮುನ್ನೂರು ಮಕ್ಕಳ ಅಂಕ ತುಂಬಬೇಕಿತ್ತು. ಒಂದೊಂದು ಅಂಕಕ್ಕೂ ಅವಳ ಲ್ಯಾಪ್‌ಟಾಪ್ ತೂಕಡಿಸುತ್ತಿತ್ತು.

ಹುಬ್ಬಳ್ಳಿಯ ಹಳೆ ಕಂಪ್ಯೂಟರ್ ಸಾಮಾನಿನ ಅಂಗಡಿಯಲ್ಲಿ ಮಾಲೀಕ ದಾವಲಸಾಬ್ ಎಂಟು ಜಿಬಿಯವು ಎರಡು ಮುಂದಿಟ್ಟ. "ಇದು ವಕೀಲರದ್ರಿ ಟೀಚರ್, ಸಾಲಿಗೊಂದು ತಕರಾರು ತಗೀತೈತಿ. ಇದು ಯಾರೋ ಅಜ್ಜಿದು. ಮಧ್ಯಾಹ್ನ ಆತಂದ್ರ ಕೆಲ್ಸ ನಿಲ್ಲಿಸಿಬಿಡತೈತಿ. ಮೂರು ಮಂದಿ ವಾಪಸ್ ತಂದ್ ಕೊಟ್ಟಾರ."

ವಾದ ಮಾಡುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ. "ಅಜ್ಜಿದೇ ಹಾಕಿ ತೋರಸ್ರಿ," ಎಂದಳು.

ಲ್ಯಾಪ್‌ಟಾಪ್ ಚಕ್ಕನೆ ತೆರೆದುಕೊಂಡಿತು. ಗಂಟೆ ಎರಡು ದಾಟಿತ್ತು. ಅಂಕಪಟ್ಟಿಯ ಮೇಲೆ ಒಂದು ಸಾಲು ಬಂದು ನಿಂತಿತು: "ಊಟ ಆತೇನವ್ವಾ?"

"ಆತು ಅಂತ ಟೈಪ್ ಮಾಡ್ರಿ, ಬಿಡತೈತಿ. ಎಲ್ಲಾರೂ ಸುಳ್ಳೇ ಹೇಳೂದು," ಎಂದ ದಾವಲಸಾಬ್.

ಬೆಳಿಗ್ಗೆ ಮನೆಯವರಿಗೆಲ್ಲ ಮೂರು ಡಬ್ಬಿ ಕಟ್ಟಿದ್ದಳು. ನಾಲ್ಕನೆಯದಕ್ಕೆ ಹೊತ್ತಿರಲಿಲ್ಲ. ಅವಳು "ಇಲ್ಲಬೇ" ಎಂದು ಟೈಪ್ ಮಾಡಿದಳು.

ಪರದೆ ಆರಿಹೋಯಿತು.

"ನೋಡ್ರಿ! ವಕೀಲರದು ಹಾಕ್ಲೇನು?"

"ಬ್ಯಾಡ, ಇದೇ ಇರ್ಲಿ," ಎಂದು ಅವಳು ಲ್ಯಾಪ್‌ಟಾಪ್ ಮುಚ್ಚಿದಳು. "ಇಲ್ಲೇ ಹತ್ರ ಖಾನಾವಳಿ ಎಲ್ಲೈತ್ರಿ?"