ಹತ್ತೊಂಬತ್ತನೇ ವಾರ್ಡಿನ ಸೊನ್ನೆ

"ಹತ್ತೊಂಬತ್ತನೇ ವಾರ್ಡಿನ ಚರಂಡಿ ನೀರಲ್ಲಿ ದಡಾರ ಸಿಕ್ಕಿದೆ ಸರ್. ಲಸಿಕೆ ವ್ಯಾನು ಇವತ್ತು ಅಲ್ಲಿಗೇ ಹೋಗ್ಬೇಕು" ಎನ್ನುತ್ತಾ ಪ್ರಯೋಗಾಲಯದಾಕೆ ಪರೀಕ್ಷೆಯ ಹಾಳೆಯನ್ನು ಆರೋಗ್ಯಾಧಿಕಾರಿಯ ಮೇಜಿನ ಮೇಲಿಟ್ಟಳು. ಕೂರಲಿಲ್ಲ. ಕೂತರೆ ಮಾತು ಉದ್ದವಾಗುತ್ತದೆ. ಗಂಟೆ ಆಗಲೇ ಒಂಬತ್ತೂವರೆ, ವ್ಯಾನು ಹೊರಡುವುದು ಹತ್ತಕ್ಕೆ.

ವಾರಕ್ಕೊಮ್ಮೆ ಒಳಚರಂಡಿಗಳ ನೀರನ್ನು ಬಾಟಲಿಯಲ್ಲಿ ತುಂಬಿಸಿ ತಂದು, ಯಾವ ಬೀದಿಗೆ ಯಾವ ರೋಗ ಕಾಲಿಟ್ಟಿದೆ ಎಂದು ಜನ ಆಸ್ಪತ್ರೆಯ ಮೆಟ್ಟಿಲು ಹತ್ತುವ ಮೊದಲೇ ಹೇಳುವುದು ಅವಳ ಕೆಲಸ. ಪದ್ಧತಿ ಹೊಸದು, ನಂಬುವವರು ಕಡಿಮೆ. ಕಚೇರಿಯಲ್ಲಿ ಅವಳಿಗೆ ಚರಂಡಿ ಜ್ಯೋತಿಷಿ ಎಂದೇ ಹೆಸರು. ಅದು ಅವಳ ಕಿವಿಗೂ ಬಿದ್ದಿತ್ತು. "ಜ್ಯೋತಿಷ್ಯ ಸುಳ್ಳಾಗ್ಬಹುದು ಕಣ್ರೀ, ಚರಂಡಿಗೆ ಸುಳ್ಳು ಹೇಳೋಕೆ ಬರಲ್ಲ" ಎಂದು ನಕ್ಕು ಸುಮ್ಮನಾಗಿದ್ದಳು.

ಅಧಿಕಾರಿ ಹಾಳೆ ಓದಿದರು. ಆಮೇಲೆ ಕಂಪ್ಯೂಟರ್ ಪರದೆಯನ್ನು ಅವಳ ಕಡೆ ತಿರುಗಿಸಿದರು. "ಇಲ್ನೋಡಿ. ಆರನೇ ವಾರ್ಡಲ್ಲಿ ನಲವತ್ತೊಂದು ಮಕ್ಕಳಿಗೆ ದಡಾರ. ಹತ್ತೊಂಬತ್ತರಲ್ಲಿ ಸೊನ್ನೆ. ಹೋದ ವಾರಾನೂ ಸೊನ್ನೆ, ಅದರ ಹಿಂದಿನ ವಾರಾನೂ ಸೊನ್ನೆ. ನಲವತ್ತೊಂದನ್ನ ಬಿಟ್ಟು ಸೊನ್ನೆ ಹಿಂದೆ ಓಡಿದ್ರೆ ನಾಳೆ ನಾನು ಯಾರಿಗೆ ಏನಂತ ಉತ್ತರ ಕೊಡ್ಲಿ?"

"ಆರರಲ್ಲಿ ಮೊನ್ನೆಯಷ್ಟೇ ಒಂದು ಸುತ್ತು ಲಸಿಕೆ ಆಗಿದೆ ಸರ್. ಎರಡನೇ ಸುತ್ತು ಎರಡು ದಿನ ಕಾಯುತ್ತೆ. ಹತ್ತೊಂಬತ್ತರಲ್ಲಿ ಇನ್ನೂ ಶುರುವೇ ಆಗಿಲ್ಲ."

"ಬೇರೆ ವಾರ್ಡಿನ ನೀರು ಅಲ್ಲಿಗೆ ಹರಿದು ಬಂದಿರಬಹುದಲ್ಲ?"

"ಹತ್ತೊಂಬತ್ತು ಇರೋದು ದಿಬ್ಬದ ತುದೀಲಿ ಸರ್. ನಮ್ಮೂರಲ್ಲಿ ಏನೇನೋ ಆಗುತ್ತೆ, ಆದ್ರೆ ಚರಂಡಿ ನೀರು ದಿಬ್ಬ ಹತ್ತೋದನ್ನ ನಾನಂತೂ ನೋಡಿಲ್ಲ."

ಅಧಿಕಾರಿಗೆ ನಗು ಬಂತು, ತಡೆದುಕೊಂಡರು. ಕೆಟ್ಟ ಮನುಷ್ಯರೇನಲ್ಲ. ಇರುವುದು ಒಂದೇ ವ್ಯಾನು, ಅದರಲ್ಲಿ ಎಂಟುನೂರು ಮಕ್ಕಳಿಗಾಗುವಷ್ಟು ಲಸಿಕೆ. ಅದು ತಪ್ಪು ಬೀದಿಗೆ ಹೋದರೆ ಇನ್ನೊಂದು ಬೀದಿಯಲ್ಲಿ ಮಕ್ಕಳು ಹಾಸಿಗೆ ಹಿಡಿಯುತ್ತಾರೆ, ಹಿಡಿದವರೆಲ್ಲ ಎದ್ದೇ ಏಳುತ್ತಾರೆಂದು ಹೇಳಲಾಗದು. ಆ ಭಯ ಇಬ್ಬರಿಗೂ ಇತ್ತು. ಅವರು ಪರದೆಯನ್ನು ನಂಬಿದ್ದರು, ಅವಳು ಬಾಟಲಿಯನ್ನು. ವ್ಯತ್ಯಾಸ ಇದ್ದದ್ದು ಅಷ್ಟೇ.

"ಆ ಸೊನ್ನೆ ಯಾರು ಕಳಿಸಿದ್ದು ಸರ್?" ಎಂದಳು.

ಅಧಿಕಾರಿ ಪಕ್ಕದ ಕೋಣೆಯಿಂದ ಕಂಪ್ಯೂಟರ್ ಆಪರೇಟರನ್ನು ಕರೆದರು. ಆತ ಕೈಯಲ್ಲಿ ಟೀ ಲೋಟ ಹಿಡಿದೇ ಬಂದ. ಆ ಪಟ್ಟಿಯನ್ನು ರೂಪಿಸಿದವನು ಅವನೇ, ಅದರ ಬಗ್ಗೆ ಯಾರಾದರೂ ಕೇಳಿದರೆ ಅವನಿಗೆ ಖುಷಿ. "ಯಾರೂ ಕಳಿಸಲ್ಲ ಸರ್, ಅದು ತಾನಾಗೇ ಬೀಳುತ್ತೆ. ಮೊದ್ಲು ವರದಿ ಬರದ ವಾರ್ಡು ಖಾಲಿ ಉಳೀತಿತ್ತು. ಖಾಲಿ ಉಳಿದ್ರೆ ಒಟ್ಟು ಲೆಕ್ಕ ಬರ್ತಿರಲಿಲ್ಲ, ಇಡೀ ಪಟ್ಟಿ ಕೆಂಪಗಾಗ್ತಿತ್ತು. ನೋಡೋಕೆ ಅಸಹ್ಯ. ಅದಕ್ಕೇ ಖಾಲಿ ಇದ್ದ ಕಡೆಯೆಲ್ಲ ಸೊನ್ನೆ ಬೀಳೋ ಹಾಗೆ ಮಾಡ್ಬಿಟ್ಟೆ."

ಆಪರೇಟರ್ ಇಬ್ಬರ ಮುಖವನ್ನೂ ನೋಡಿ ಲೋಟವನ್ನು ಮೆಲ್ಲಗೆ ಕಿಟಕಿಯ ಕಟ್ಟೆಯ ಮೇಲಿಟ್ಟ. ಪ್ರಯೋಗಾಲಯದಾಕೆ ಅಷ್ಟರಲ್ಲಿ ಹತ್ತೊಂಬತ್ತನೇ ವಾರ್ಡಿನ ನರ್ಸಮ್ಮನಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದ್ದಳು. ಮೊದಲು ಕೇಳಿಸಿದ್ದು ಮಕ್ಕಳ ಅಳು, ಒಂದಲ್ಲ, ನಾಲ್ಕೈದು.

"ಸಿಸ್ಟರ್, ನಿಮ್ಮಲ್ಲಿ ದಡಾರ ಸೊನ್ನೆ ಅಂತಿದೆಯಲ್ಲ ಇಲ್ಲಿ?"

"ಸೊನ್ನೇನಾ? ಯಾವ ಪುಣ್ಯಾತ್ಮ ಹೇಳಿದ್ದು? ಇವತ್ತು ಬೆಳಿಗ್ಗೆಯಿಂದ ಒಂಬತ್ತು ಮಕ್ಕಳು, ಮೈತುಂಬ ಕೆಂಪು ಗುಳ್ಳೆ. ಹೊರಗೆ ಸಾಲಲ್ಲಿ ಇನ್ನೂ ಇದ್ದಾರೆ. ನೀವು ಕೊಟ್ಟ ಟ್ಯಾಬು ಕೆಟ್ಟು ಮೂರು ವಾರ ಆಯ್ತು, ಜೊತೆಗಿದ್ದವಳು ಹೆರಿಗೆ ರಜೆ. ನಾನು ಮಕ್ಕಳನ್ನ ನೋಡ್ಲಾ, ವರದಿ ಬರೀಲಾ? ಸೋಮವಾರ ನಿಮ್ಮ ಕಚೇರಿಗೇ ಫೋನ್ ಮಾಡಿದ್ದೆ. ಪರದೇಲಿ ನಿಮ್ಮದು ಸೊನ್ನೆ ಇದೆ, ಗಾಬರಿಯಾಗ್ಬೇಡಿ ಅಂತ ನಂಗೇ ಸಮಾಧಾನ ಹೇಳಿದ್ರು!"

ಅಧಿಕಾರಿ ಫೋನಿನತ್ತ ಬಾಗಿದರು. ಮುಖ ಕೆಂಪಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಸಿಸ್ಟರ್, ನಾನು ಆರೋಗ್ಯಾಧಿಕಾರಿ. ತಪ್ಪು ನಮ್ಮದೇ. ಹತ್ತೂವರೆಗೆ ವ್ಯಾನು ನಿಮ್ಮ ಬಾಗಿಲಲ್ಲಿರುತ್ತೆ, ಜೊತೆಗೆ ಇಬ್ಬರು ನರ್ಸು."

"ಮೂವರನ್ನ ಕಳಿಸಿ ಸರ್. ಒಬ್ಬರು ನಿಮ್ಮ ವರದಿ ಬರೀಲಿ" ಎಂದು ನರ್ಸಮ್ಮ ಫೋನ್ ಇಟ್ಟೇಬಿಟ್ಟಳು.

ಅಧಿಕಾರಿ ವ್ಯಾನಿನ ಹಾಳೆಯಲ್ಲಿ ಆರನ್ನು ಹೊಡೆದುಹಾಕಿ ಹತ್ತೊಂಬತ್ತು ಎಂದು ಬರೆದು ಸಹಿ ಹಾಕಿದರು. ನರ್ಸುಗಳು ಎಂಬಲ್ಲಿ ಮೂರು ಎಂದು ತುಂಬಿದರು. ಪ್ರಯೋಗಾಲಯದಾಕೆ ಹಾಳೆ ಹಿಡಿದು ಬಾಗಿಲಿಗೆ ನಡೆದಳು. ಗೆದ್ದೆ ಎನ್ನಲು ಅವಳಿಗೆ ಪುರುಸೊತ್ತಿರಲಿಲ್ಲ. ಆದರೆ ಮನಸ್ಸು ಹಗುರಾಗಿತ್ತು, ಹೆಜ್ಜೆಯೂ.

"ಆ ಸೊನ್ನೆಗಳನ್ನೆಲ್ಲ ಈಗಲೇ ಅಳಿಸಿ" ಎಂದರು ಅಧಿಕಾರಿ, ಆಪರೇಟರಿಗೆ. "ವರದಿ ಬರದಿದ್ರೆ ಖಾಲಿ ಇರಲಿ. ಪಟ್ಟಿ ಕೆಂಪಗಾದ್ರೆ ಆಗ್ಲಿ, ನಾನು ನೋಡ್ಕೋತೀನಿ. ತಾನಾಗೇ ಬಿದ್ದ ಸೊನ್ನೆ ಇನ್ನೆಷ್ಟು ವಾರ್ಡಲ್ಲಿದೆ?"

ಆಪರೇಟರ್ ಕೀಲಿಗಳನ್ನು ಒತ್ತಿದ, ಎಣಿಸಿದ, ಮತ್ತೊಮ್ಮೆ ಎಣಿಸಿದ.

"ನಾಲ್ಕು, ಸರ್."

"ಯಾವ ನಾಲ್ಕು?"

ಬಾಗಿಲಲ್ಲಿದ್ದವಳು ನಿಂತು ಹಿಂದಿರುಗಿ ನೋಡಿದಳು. ಆಪರೇಟರ್ ತಲೆ ಕೆರೆದುಕೊಂಡ.

"ಮೊನ್ನೆ ರೋಗಮುಕ್ತ ವಾರ್ಡ್ ಪ್ರಶಸ್ತಿಗೆ ಹೆಸರು ಕಳಿಸಿದ್ವಲ್ಲ ಸರ್... ಅವೇ."