ನೀಲಿ ರಿಬ್ಬನ್ನಿನ ಕೀಲಿ

ಮೆಟ್ಟಿಲ ಮೇಲೆ ಊರುಗೋಲಿನ ಸದ್ದು ಕೇಳಿದ್ದೇ ತಡ, ಬೀಗದಂಗಡಿಯವನು ಡ್ರಾಯರನ್ನು ತಟ್ಟನೆ ಮುಚ್ಚಿದ. ಹೆಂಡತಿ ನೋಡಿಯೂ ನೋಡದವಳ ಹಾಗೆ ಕೀಲಿಗಳನ್ನು ಕೊಕ್ಕೆಗೆ ಸಿಕ್ಕಿಸುತ್ತ ನಿಂತಳು.

ಬಂದವರು ಮಹಡಿ ಮನೆಯ ಟೀಚರ್. ನಲವತ್ತು ವರ್ಷ ಪಾಠ ಹೇಳಿದವರು. ಅಂಗಡಿಯವನಿಗೂ ಅಕ್ಷರ ಕಲಿಸಿದವರು.

“ಮಗಳ ಕೋಣೆಗೊಂದು ಕೀಲಿ ಮಾಡಿಕೊಡೋ. ಹಳೇದು ಎಲ್ಲಿಟ್ಟೆನೋ ಏನೋ. ನೀಲಿ ರಿಬ್ಬನ್ ಕಟ್ಟಿದ್ದಳು ಅದಕ್ಕೆ. ಅವಳು ಬರೋಷ್ಟರಲ್ಲಿ ಹಾಸಿಗೆ ಸರಿ ಮಾಡಬೇಕು.”

“ಮಾಡದೆ ಇರ್ತೀನಾ ಟೀಚರ್? ಹಾಳು ಮೆಷಿನ್ ಇವತ್ತೇ ಕೈಕೊಟ್ಟಿದೆ. ಸರಿಹೋದ ತಕ್ಷಣ ನಾನೇ ಮೇಲೆ ಬರ್ತೀನಿ.”

ಟೀಚರ್ ನಕ್ಕರು. “ಹೋಂವರ್ಕ್ ಮಾಡದೆ ಬಂದಾಗಲೂ ಹೀಗೇ ಹೇಳ್ತಿದ್ದೆ. ಬೈಯೋಕೇ ಮನಸ್ಸು ಬರ್ತಿರಲಿಲ್ಲ.”

ಅವನು ಅವರನ್ನು ಕೈಹಿಡಿದು ಮೇಲೆ ಬಿಟ್ಟುಬಂದ. ಬೆಳಗ್ಗೆಯಿಂದ ಅದೇ ಮೆಷಿನ್ನಿನಲ್ಲಿ ಎಂಟು ಕೀಲಿ ಕೊರೆದಿದ್ದ. ಹೋದ ವಾರ ಗಾಯವೇ ಇಲ್ಲದ ಬೆರಳಿಗೆ ಬಟ್ಟೆ ಸುತ್ತಿಕೊಂಡು ತೋರಿಸಿದ್ದ. ಅದರ ಹಿಂದಿನ ವಾರ, ಆ ಅಳತೆಯ ಮಾಲು ಬಂದಿಲ್ಲ ಎಂದಿದ್ದ.

“ಐದು ನಿಮಿಷದ ಕೆಲಸ. ಪಾಪ, ಯಾಕ್ರೀ ಸತಾಯಿಸ್ತೀರಿ?” ಎಂದಳು ಹೆಂಡತಿ. “ಆಗಲ್ಲ ಅಂತ ಹೇಳಿಬಿಡಿ. ಪಕ್ಕದ ಬೀದಿಯಲ್ಲಿ ಇನ್ನೊಬ್ಬ ಬೀಗದವನಿಲ್ವಾ?”

ಅವನ ಮುಖ ಬಿಳಿಚಿತು. “ಆ ಮಾತು ಅವರೆದುರು ಎತ್ತೀಯ, ಜೋಕೆ.”

“ಆ ಮಗಳು ಎಲ್ಲಿ? ನಾನು ಒಂದು ದಿನವೂ ನೋಡಿಲ್ವಲ್ಲ.”

“ಇಲ್ಲಿಲ್ಲ. ಕೇಳಬೇಡ. ಮಾತು ಕೊಟ್ಟಿದ್ದೀನಿ.”

“ಯಾರಿಗೆ?”

ಅವನು ಡ್ರಾಯರನ್ನು ಇನ್ನೊಮ್ಮೆ ಒತ್ತಿ ಮುಚ್ಚಿದ.

ಮದುವೆಯಾಗಿ ಅವಳು ಈ ಮನೆಗೆ ಬಂದು ಎರಡು ತಿಂಗಳು. ಮಧ್ಯಾಹ್ನ ಬೀದಿ ಸದ್ದಡಗಿದಾಗ ಮಹಡಿಯಲ್ಲಿ ಟೀಚರ್ ಒಂದು ಬಾಗಿಲು ತಟ್ಟುವುದು ಕೇಳಿಸುತ್ತಿತ್ತು. “ಎಷ್ಟು ಹೊತ್ತು ಮಲಗ್ತೀಯ ಕಂದಾ, ಬಾಗಿಲು ತೆಗಿ.” ಒಳಗಿನಿಂದ ಯಾರೂ ಓಗೊಡುತ್ತಿರಲಿಲ್ಲ. ಅವಳು ಗಂಡನ ಕಡೆ ತಿರುಗಿದರೆ ಅವನ ಕಣ್ಣು ತುಂಬಿರುತ್ತಿತ್ತು. ಯಾವಳಿಗಾಗಿ ಈ ಕಣ್ಣೀರು?

ಮರುದಿನ ಅವನು ಯಾರದೋ ಮನೆಯ ಕೆಟ್ಟ ಬೀಗ ತೆಗೆಯಲು ಹೋದ. ಅವಳು ಡ್ರಾಯರ್ ಎಳೆದಳು. ಒಂದು ನೋಟ್‌ಬುಕ್. ಅದರ ಮೇಲೆ ಕೀಲಿ. ಕೀಲಿಗೆ ನೀಲಿ ರಿಬ್ಬನ್.

ಇನ್ನೊಬ್ಬಳ ಕೋಣೆಯ ಕೀಲಿ ತನ್ನ ಗಂಡನ ಬಳಿ! ಇಷ್ಟು ದಿನ ಕಣ್ಣಿಗೆ ಮಣ್ಣೆರಚಿದ್ದು ಇದಕ್ಕೇ!

ಅಷ್ಟರಲ್ಲಿ ಊರುಗೋಲು ಟಕ್ ಟಕ್ ಎಂದಿತು. ಟೀಚರ್ ಬಾಗಿಲಲ್ಲಿ ನಿಂತಿದ್ದರು. ಅವಳು ಕೀಲಿಯನ್ನು ಅವರ ಕೈಗಿತ್ತಳು.

ಟೀಚರ್ ರಿಬ್ಬನ್ ಸವರಿ ಸವರಿ ನೋಡಿದರು. “ನಿನ್ನ ಹೊಟ್ಟೆ ತಣ್ಣಗಿರಲಿ ಕಣಮ್ಮ,” ಎಂದು ಅವಳ ಕೆನ್ನೆ ತಟ್ಟಿ ಹೊರಟರು. ಅವಳಿಗೆ ಹಾಯೆನಿಸಿತು. ಒಬ್ಬ ತಾಯಿಗಾದರೂ ನ್ಯಾಯ ಸಿಕ್ಕಿತು. ಇನ್ನು ಗಂಡ ಬರಲಿ, ಕೇಳುತ್ತೇನೆ.

ಅವಳು ನೋಟ್‌ಬುಕ್ ತೆರೆದಳು. ಪ್ರೇಮಪತ್ರವಿರಬಹುದು ಎಂದುಕೊಂಡಿದ್ದಳು. ಇದ್ದದ್ದು ನೆಪಗಳ ಪಟ್ಟಿ. ಮೆಷಿನ್ ಕೆಟ್ಟಿದೆ. ಬೆರಳಿಗೆ ಗಾಯ. ಮಾಲು ಬಂದಿಲ್ಲ. ಹೀಗೆ ಅರವತ್ತೋ ಎಪ್ಪತ್ತೋ. ಹೇಳಿ ಮುಗಿದವುಗಳ ಮುಂದೆ ಗಂಡನ ಪೆನ್ಸಿಲ್ ಗುರುತು. ಆದರೆ ಅಕ್ಷರ ಗಂಡನದಲ್ಲ. ದುಂಡಗೆ, ಕೆಂಪು ಶಾಯಿಯಲ್ಲಿ, ಕಪ್ಪುಹಲಗೆಯ ಮೇಲೆ ಬರೆದಷ್ಟು ಸ್ಪಷ್ಟ.

ಊರುಗೋಲು ಮೆಟ್ಟಿಲು ಹತ್ತುತ್ತಿತ್ತು. ಟಕ್. ಟಕ್.

ಅವಳು ಮೊದಲ ಪುಟಕ್ಕೆ ತಿರುವಿದಳು.

“ಮಗೂ, ನನ್ನ ಮಗಳು ತೀರಿಕೊಂಡಿದ್ದು ನನಗೆ ಮತ್ತೆ ಮತ್ತೆ ಮರೆತುಹೋಗುತ್ತಿದೆ. ಆ ಕೋಣೆ ತೆರೆದು ಖಾಲಿ ಹಾಸಿಗೆ ನೋಡಿದಾಗಲೆಲ್ಲ ಅವಳು ನನಗೆ ಅದೇ ಆಗ ಸಾಯುತ್ತಾಳೆ. ಮೂರು ಸಲ ಆಯಿತು, ಇನ್ನೊಮ್ಮೆ ತಡೆಯಲಾರೆ. ಬುದ್ಧಿ ನೆಟ್ಟಗಿರುವಾಗಲೇ ಕೀಲಿಯನ್ನು ನಿನಗೆ ಕೊಡುತ್ತಿದ್ದೇನೆ. ನಾನೇ ಬಂದು ಬೇಡಿದರೂ ಕೊಡಬೇಡ. ಗದರಿಸಲೂ ಬೇಡ, ನೊಂದುಕೊಂಡರೆ ಬೇರೆ ಬೀಗದವನ ಹತ್ತಿರ ಹೋಗಿಬಿಡುತ್ತೇನೆ. ನಲವತ್ತು ವರ್ಷ ಮಕ್ಕಳ ನೆಪ ಕೇಳಿದವಳು ನಾನು. ನಾನು ನಂಬಿದ ನೆಪಗಳನ್ನೆಲ್ಲ ಮುಂದೆ ಬರೆದಿದ್ದೇನೆ. ಯಾರಿಗೂ ಹೇಳಬೇಡ. ನಿನ್ನ ಟೀಚರ್.”

ಅವಳು ಮೆಟ್ಟಿಲತ್ತ ಓಡಿದಳು. ಅರ್ಧ ಹತ್ತಿರಲಿಲ್ಲ, ಮೇಲೆ ಬೀಗ ಕಟಕ್ಕೆಂದಿತು.